ಆಕಾಶಕ್ಕೂ ಬೇಲಿಯೇ?

ಸಣ್ಣ ಖಾಸಗಿ ವಿಮಾನಗಳಿಗೆ ಭದ್ರತೆಯ ಕಾರಣದಿಂದ ವಿಧಿಸುವ ನಿರ್ಬಂಧವು ನ್ಯಾಯವೇ? ಈ ಪ್ರಶ್ನೆ ನಮ್ಮ ಗಿಲ್ಲೆಸುಗೂರಿನ ಹೊಲಗದ್ದೆಗಳಿಗೂ ಸಂಬಂಧಿಸಿದುದೇ; ಪೈರಿಗೆ ಔಷಧಿ ಸಿಂಪಡಿಸುವ ಡ್ರೋನ್ ಸಹ ಚಾಲಕನನ್ನು ಹೊರದ ಕಿರುವಿಮಾನವಷ್ಟೆ. 1987ರಲ್ಲಿ ಪಶ್ಚಿಮ ಜರ್ಮನಿಯ ತರುಣನೊಬ್ಬನು ಪುಟ್ಟ ಸೆಸ್ನಾ ವಿಮಾನವನ್ನು ಮಾಸ್ಕೋದ ಕೆಂಪು ಚೌಕದ ಬಳಿಯೇ ಇಳಿಸಿದನು, ಅವನಲ್ಲಿ ಆಯುಧವಿರಲಿಲ್ಲ. ಆದರೆ 2021ರ ಜೂನಿನಲ್ಲಿ ಜಮ್ಮುವಿನ ವಾಯುಪಡೆಯ ನೆಲೆಯ ಮೇಲೆ ಡ್ರೋನುಗಳಿಂದ ಸ್ಫೋಟಕಗಳು ಬಿದ್ದವು. ಆದುದರಿಂದ ಭಯವು ನಿರಾಧಾರವಲ್ಲ. ಆದರೂ ಅದೇ ವರ್ಷದ ಆಗಸ್ಟಿನಲ್ಲಿ ಬಂದ ಡ್ರೋನ್ ನಿಯಮಗಳು ಸರ್ವನಿಷೇಧದ ದಾರಿ ಹಿಡಿಯಲಿಲ್ಲ. ಹಸಿರು ವಲಯದಲ್ಲಿ 400 ಅಡಿಯವರೆಗಿನ ಹಾರಾಟಕ್ಕೆ ಪೂರ್ವಾನುಮತಿ ಬೇಡ. ಕೆಂಪು ವಲಯದಲ್ಲಿ ಕೇಂದ್ರ ಸರಕಾರದ ಅನುಮತಿಯಿಲ್ಲದೆ ಹಾರುವಂತಿಲ್ಲ. ಇದೇ ವಿವೇಕದ ಮಾರ್ಗ. ಬೆಳೆಯಿರುವಲ್ಲಿ ಬೇಲಿ ಹಾಕುವುದು ಧರ್ಮ. ಸೀಮೆಗೆಲ್ಲ ಬೇಲಿ ಹಾಕಿದರೆ ಉಳುವವನೂ ಹೊರಗೇ ನಿಲ್ಲಬೇಕಾದೀತು.