ಕೇಳಿದಿರಿ ಸರಿ, ಉತ್ತರ ಎಲ್ಲಿ?

ಕುಂದಾಪುರ, ಬೈಂದೂರು ಕಡೆಯ ಒಳಹಳ್ಳಿಗಳಲ್ಲಿ ಕಾಲುಸಂಕ ಎಂದರೆ ಎರಡೋ ಮೂರೋ ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಹಳ್ಳಕ್ಕೆ ಅಡ್ಡ ಹಾಕಿದ್ದು. ಹಿಡಿದುಕೊಳ್ಳಲು ಪಕ್ಕದಲ್ಲೊಂದು ಬಿದಿರಿನ ಗಳವೋ ಹಗ್ಗವೋ ಇದ್ದರೆ ಪುಣ್ಯ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕಾಂಡದ ಮೇಲೆ ಪಾಚಿ ಕಟ್ಟುತ್ತದೆ, ಕೆಳಗೆ ಕೆಂಪು ನೀರು ಸುತ್ತಿ ಹರಿಯುತ್ತದೆ. ಬೆನ್ನಿಗೆ ಪುಸ್ತಕದ ಚೀಲ, ಒಂದು ಕೈಯಲ್ಲಿ ಗಾಳಿಗೆ ಎಳೆಯುವ ಕೊಡೆ. ದೊಡ್ಡವರ ಎದೆಮಟ್ಟಕ್ಕೆ ಕಟ್ಟಿದ ಹಗ್ಗ ಒಂದನೇ ತರಗತಿಯ ಮಗುವಿನ ಕೈಗೆ ಎಟುಕುವುದಿಲ್ಲ. ಕಟ್ಟಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. ದಿನಾ ದಾಟುವ ಮಗುವಿಗೆ ಚೆನ್ನಾಗಿ ಗೊತ್ತು.

1995ರಲ್ಲಿ ಕುಂದಾಪುರ ತಾಲ್ಲೂಕಿನ ಕೆಲವು ಊರುಗಳಲ್ಲಿ ಮಕ್ಕಳ ಪಂಚಾಯಿತಿಗಳು ಶುರುವಾದಾಗ ಮಕ್ಕಳು ಹಿರಿಯರ ಮುಂದಿಟ್ಟ ಬೇಡಿಕೆಗಳಲ್ಲಿ ಇಂಥ ಸಂಕಗಳೂ ಇದ್ದವು. ಮಕ್ಕಳ ಹಕ್ಕು, ಮಕ್ಕಳ ಭಾಗವಹಿಸುವಿಕೆ ಎಂಬ ಮಾತುಗಳು ವಿದೇಶದ ವಿಚಾರಗೋಷ್ಠಿಗಳಿಂದ ಇಳಿದು ಬಂದವು ಎಂದು ನಂಬಿರುವವರು ನಮ್ಮಲ್ಲಿ ಬಹಳ. ಅವರು ಒಮ್ಮೆ ಈ ತಾಲ್ಲೂಕಿನ ಕಥೆ ಓದಬೇಕು.

ಕಥೆ ಶುರುವಾಗುವುದು ಬೆಂಗಳೂರಿನ ಹೋಟೆಲುಗಳಲ್ಲಿ. ಟೇಬಲ್ ಒರೆಸುವ, ಲೋಟ ತೊಳೆಯುವ ಹುಡುಗರಲ್ಲಿ ದೊಡ್ಡ ಪಾಲು ಕರಾವಳಿಯಿಂದ, ಅದರಲ್ಲೂ ಕುಂದಾಪುರದ ಸುತ್ತಿನಿಂದ ಬಂದವರಾಗಿದ್ದರು. ಇಂಥ ಮಕ್ಕಳ ಜತೆ ಕೆಲಸ ಮಾಡುತ್ತಿದ್ದ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ, ನಗರದಲ್ಲಿ ಅವರನ್ನು ಹಿಡಿದು ಊರಿಗೆ ಕಳಿಸಿದರೆ ಆಗುವುದಿಲ್ಲ, ಊರು ಬಿಡುವುದಕ್ಕೆ ಕಾರಣ ಏನು ಎಂದು ನೋಡಬೇಕು ಎಂದು ಕುಂದಾಪುರಕ್ಕೇ ಹೋಯಿತು. 1990ರಲ್ಲಿ ದುಡಿಯುವ ಮಕ್ಕಳದೇ ಒಂದು ಸಂಘ ಹುಟ್ಟಿತು, ಹೆಸರು ಭೀಮ ಸಂಘ. ಐದು ವರ್ಷದ ನಂತರ ಮಕ್ಕಳ ಪಂಚಾಯಿತಿ ಬಂತು. ಮಕ್ಕಳೇ ಮತ ಹಾಕಿ ತಮ್ಮ ಸದಸ್ಯರನ್ನು ಆರಿಸುತ್ತಿದ್ದರು. ತಮ್ಮ ಅಹವಾಲು ಕೇಳಲು ನಂಬಿಕಸ್ಥ ಹಿರಿಯರೊಬ್ಬರನ್ನು ‘ಮಕ್ಕಳ ಮಿತ್ರ’ ಎಂದು ಅವರೇ ಗುರುತಿಸುತ್ತಿದ್ದರು.

ನನಗೆ ಇದರಲ್ಲೆಲ್ಲ ಹೆಚ್ಚು ಇಷ್ಟವಾದದ್ದು ಇದೇ ತಾಲ್ಲೂಕಿನ ಬಳ್ಕೂರಿನ ಮಕ್ಕಳು ಮಾಡಿದ ಅಧ್ಯಯನ. 1990ರ ದಶಕದ ಕೊನೆಯಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ ಸರಳವಾದದ್ದು: ನಾವು ಮಾಡಬಹುದಾದ ಕೆಲಸ ಯಾವುದು, ಮಾಡಬಾರದ್ದು ಯಾವುದು? ಕಾನೂನು ಈ ಪ್ರಶ್ನೆಗೆ ವಯಸ್ಸು ಮತ್ತು ಉದ್ಯಮದ ಹೆಸರು ಹಿಡಿದು ಉತ್ತರ ಹೇಳುತ್ತದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನವರನ್ನು ದುಡಿಸುವಂತಿಲ್ಲ, ಆದರೆ ಶಾಲೆ ಮುಗಿದ ಮೇಲೆ ಮನೆಯವರ ಕಸುಬಿನಲ್ಲಿ ಕೈಜೋಡಿಸಬಹುದು. ಮನೆಯ ಕೆಲಸ ಎಂದರೆ ಹಗುರ ಎಂದು ಕಾನೂನು ಬರೆದವರು ಎಣಿಸಿದಂತಿದೆ. ನೀರು ತರುವುದು ದೊಡ್ಡವರ ಪಟ್ಟಿಯಲ್ಲಿ ಒಂದೇ ಬಾಬತ್ತು. ಹೊರುವ ಹುಡುಗಿಗೆ ಕೊಡ ಎಷ್ಟು ದೊಡ್ಡದು, ಬಾವಿ ಎಷ್ಟು ದೂರ, ದಾರಿ ಏರೋ ಇಳಿಜಾರೋ, ಹೊತ್ತು ಮೂಡುವ ಮೊದಲೇ ಹೋಗಬೇಕೋ ಎನ್ನುವುದೆಲ್ಲ ಬೇರೆ ಬೇರೆ ಲೆಕ್ಕ. ಈ ಲೆಕ್ಕ ಗೊತ್ತಿರುವವರನ್ನೇ ಕೇಳದೆ ಬಾಲಕಾರ್ಮಿಕತೆಯ ಬಗ್ಗೆ ಎಷ್ಟು ಪುಟದ ವರದಿ ಬರೆದರೂ ಅದು ಅರ್ಧಂಬರ್ಧವೇ.

ಹಾಗೆಂದು ಮಕ್ಕಳು ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕೆ? 1996ರಲ್ಲಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ ದುಡಿಯುವ ಮಕ್ಕಳ ಪ್ರತಿನಿಧಿಗಳು ಕುಂದಾಪುರದಲ್ಲೇ ಸೇರಿ ಹತ್ತು ಅಂಶಗಳ ಒಂದು ಘೋಷಣೆ ಹೊರಡಿಸಿದರು. ಶೋಷಣೆ ಬೇಡ, ಆದರೆ ಓದು ಆಟಗಳಿಗೆ ಹೊತ್ತು ಸಿಗುವಂಥ, ಮರ್ಯಾದೆಯ ಕೆಲಸಕ್ಕೆ ನಮ್ಮ ವಿರೋಧವಿಲ್ಲ ಎಂಬುದು ಅದರ ತಿರುಳು. ಇದು ಹಲವರನ್ನು ಕೆರಳಿಸಿತು. ಆಗಿನ ಆಂಧ್ರದಲ್ಲಿ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಶನ್ ಹಿಡಿದ ನಿಲುವು ಇದಕ್ಕೆ ತದ್ವಿರುದ್ಧ: ಶಾಲೆಯಿಂದ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ, ಅದರಲ್ಲಿ ರಾಜಿಯಿಲ್ಲ. ನನ್ನ ಒಲವು ಶಾಂತಾ ಸಿನ್ಹಾ ಅವರ ಕಡೆಗೇ. ಆದರೂ ಕುಂದಾಪುರದ ಮಕ್ಕಳನ್ನು ಯಾರೋ ಹೇಳಿಕೊಟ್ಟದ್ದನ್ನು ಒಪ್ಪಿಸಿದವರು ಎಂದು ತಳ್ಳಿಹಾಕಿದ್ದು ಅನ್ಯಾಯ. ದೊಡ್ಡವರ ಯೂನಿಯನ್ ಬೇಡಿಕೆಪಟ್ಟಿ ಕೊಟ್ಟಾಗ ಯಾರು ಬರೆದುಕೊಟ್ಟರು ಎಂದು ಯಾರೂ ಕೇಳುವುದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ 12ನೇ ವಿಧಿ ಹೇಳುವುದು ಇಷ್ಟೇ: ಮಗುವಿಗೆ ತನಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವ ಹಕ್ಕಿದೆ, ವಯಸ್ಸು ಮತ್ತು ಪ್ರಬುದ್ಧತೆ ನೋಡಿಕೊಂಡು ಅದಕ್ಕೆ ತಕ್ಕ ಬೆಲೆ ಕೊಡಬೇಕು. ಅದರಂತೆಯೇ ನಡೆಯಬೇಕು ಎಂದು ಎಲ್ಲೂ ಇಲ್ಲ.

ಪ್ರಬುದ್ಧತೆ ಎನ್ನುವಲ್ಲೇ ತಕರಾರು. ಎಷ್ಟನೇ ವಯಸ್ಸಿಗೆ ತಿಳಿವಳಿಕೆ ಬರುತ್ತದೆ? ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞೆ ಪ್ರಿಸಿಲ್ಲಾ ಆಲ್ಡರ್ಸನ್ ಮೂಳೆ ಶಸ್ತ್ರಚಿಕಿತ್ಸೆಗೆ ಬಂದ 8ರಿಂದ 15 ವರ್ಷದ 120 ಮಕ್ಕಳನ್ನು ಮಾತಾಡಿಸಿ 1993ರಲ್ಲಿ ಪುಸ್ತಕ ಪ್ರಕಟಿಸಿದರು. ವಯಸ್ಸಿಗಿಂತ ಅನುಭವ ಮುಖ್ಯ ಎಂಬುದು ಅವರು ಕಂಡುಕೊಂಡ ಸಂಗತಿ. ವರ್ಷಗಟ್ಟಲೆ ಕಾಯಿಲೆಯೊಂದಿಗೆ ಬದುಕಿದ ಸಣ್ಣ ಮಗುವಿಗೆ ನೋವು, ಚಿಕಿತ್ಸೆ, ಅಪಾಯಗಳ ಬಗ್ಗೆ ಇರುವ ಅರಿವು ಆರೋಗ್ಯವಾಗಿರುವ ದೊಡ್ಡವರಿಗೂ ಇರುವುದಿಲ್ಲ. ಕೂತು ವಿವರಿಸಿ ಹೇಳುವ ವೈದ್ಯರು ಸಿಕ್ಕ ಮಗು ಹೆಚ್ಚು ತಿಳಿದುಕೊಳ್ಳುತ್ತದೆ, ಬಾಯಿ ಮುಚ್ಚಿಸುವವರು ಸಿಕ್ಕರೆ ದಡ್ಡನಂತೆ ಕಾಣುತ್ತದೆ. ಹಾಗಾಗಿ ಮಗುವಿನ ಸಾಮರ್ಥ್ಯ ಅಳೆಯಲು ಹೊರಟವರು ಅದರ ಎದುರು ಕೂತಿರುವ ದೊಡ್ಡವರನ್ನೂ ಸ್ವಲ್ಪ ಅಳೆಯಬೇಕಾಗುತ್ತದೆ.

ಸಂಶೋಧಕರಿಗೂ ಇದೇ ಪೇಚು. ತರಗತಿಯಲ್ಲಿ ಮೇಷ್ಟ್ರು ನಿಂತಿರುವಾಗ ಏನೇ ಕೇಳಿ, ಮಕ್ಕಳು ಹುಡುಕುವುದು ‘ಸರಿಯುತ್ತರ’ವನ್ನು. ಬಿಸಿಯೂಟ ಹೇಗಿದೆ ಎಂದರೆ ಚೆನ್ನಾಗಿದೆ ಸಾರ್ ಎಂದು ಇಡೀ ಕ್ಲಾಸು ರಾಗವಾಗಿ ಕೂಗುತ್ತದೆ. ಅದೇ ಮಕ್ಕಳಿಗೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಲು ಹೇಳಿ, ಹೆದರಿಕೆಯಾಗುವ ಕಡೆ ಒಂದೊಂದು ಹುಣಸೆಬೀಜ ಇಡಲು ಹೇಳಿ ನೋಡಿ. ಹೆಂಡದಂಗಡಿಯ ತಿರುವು, ಬೀದಿದೀಪ ಇಲ್ಲದ ಓಣಿ, ಬಾಗಿಲಿಗೆ ಚಿಲಕವಿಲ್ಲದ ಶೌಚಾಲಯ ಒಂದೊಂದಾಗಿ ಹೊರಬರುತ್ತವೆ. ಹುಡುಗಿಯರ ನಕ್ಷೆಯೇ ಬೇರೆ, ಹುಡುಗರ ನಕ್ಷೆಯೇ ಬೇರೆ. ನನಗೆ ಹೇಳಲು ಇಷ್ಟವಿಲ್ಲ ಎನ್ನುವ ಸ್ವಾತಂತ್ರ್ಯವೂ ಮಗುವಿಗಿರಬೇಕು. ಒಪ್ಪಿಗೆಪತ್ರಕ್ಕೆ ಅಪ್ಪ-ಅಮ್ಮ ಸಹಿ ಹಾಕಿದ ಮಾತ್ರಕ್ಕೆ ಮಗು ಒಪ್ಪಿದಂತಾಗುವುದಿಲ್ಲ.

ಮನೆಯ ವಿಷಯಕ್ಕೆ ಬಂದರೆ ಪರಿಸ್ಥಿತಿ ಇನ್ನೂ ವಿಚಿತ್ರ. ಹಬ್ಬಕ್ಕೆ ಯಾವ ಬಣ್ಣದ ಬಟ್ಟೆ ಬೇಕು ಪುಟ್ಟಾ ಎಂದು ಕೇಳುತ್ತೇವೆ. ಹಾಸ್ಟೆಲಿಗೆ ಸೇರಿಸುವಾಗ, ಮಾಧ್ಯಮ ಬದಲಿಸುವಾಗ, ಪಿಯುಸಿಗೆ ಸೈನ್ಸ್ ಕೊಡಿಸುವಾಗ ಕೇಳುವುದಿಲ್ಲ. ದೊಡ್ಡವರು ಮಾತಾಡುವಾಗ ನಿನಗೇನು ಕೆಲಸ, ಆಚೆ ಹೋಗು ಎಂಬುದು ನಾವೆಲ್ಲ ಕೇಳಿಸಿಕೊಂಡೇ ಬೆಳೆದ ಮಾತು. ತಮಾಷೆಯೆಂದರೆ ಬ್ರಿಟಿಷರ ಕಾಲದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಈ ವಿಷಯದಲ್ಲಿ ನಮ್ಮ ಮನೆಗಳಿಗಿಂತ ಮುಂದಿದೆ. ಮಗು ಬುದ್ಧಿಪೂರ್ವಕವಾಗಿ ಇಂಥವರು ಬೇಕು ಎಂದು ಹೇಳುವಷ್ಟು ದೊಡ್ಡದಾಗಿದ್ದರೆ, ಪೋಷಕರನ್ನು ನೇಮಿಸುವಾಗ ನ್ಯಾಯಾಲಯ ಆ ಇಷ್ಟವನ್ನು ಗಮನಿಸಬಹುದು ಎಂದು ಅದರ 17ನೇ ಸೆಕ್ಷನ್ ಹೇಳುತ್ತದೆ. ಸಂಸಾರ ಒಡೆದು ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಮಗುವಿನ ಮಾತಿಗೆ ಬೆಲೆ, ಒಡೆಯದ ಮನೆಯಲ್ಲಿ ಇಲ್ಲ!

ಮತ್ತೆ ಪಂಚಾಯಿತಿಗೆ ಬರೋಣ. ಕುಂದಾಪುರದ ಪ್ರಯೋಗದ ಫಲವಾಗಿ ಕರ್ನಾಟಕದಲ್ಲಿ ಮಕ್ಕಳ ಗ್ರಾಮಸಭೆ ಸರ್ಕಾರಿ ಕಾರ್ಯಕ್ರಮವೇ ಆಯಿತು. ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಆಸುಪಾಸಿನಲ್ಲಿ, ಇದನ್ನು ನಡೆಸಬೇಕು. ಇದು ಸಣ್ಣ ಸಾಧನೆಯಲ್ಲ. ಆದರೆ ಬಹಳ ಕಡೆ ನಡೆಯುವುದು ಹೀಗೆ: ಶಾಮಿಯಾನ, ಪ್ರಾರ್ಥನೆ, ಸ್ವಾಗತ, ಹೂಗುಚ್ಛ. ಹತ್ತಕ್ಕೆ ಬಂದು ಜಮಖಾನೆಯ ಮೇಲೆ ಕೂತ ಮಕ್ಕಳು, ಹನ್ನೊಂದೂವರೆಗೆ ಬರುವ ಮುಖ್ಯ ಅತಿಥಿ. ಭಾಷಣಗಳೆಲ್ಲ ಮುಗಿದ ಮೇಲೆ ಉಳಿದ ಅರ್ಧ ಗಂಟೆಯಲ್ಲಿ ಮೇಷ್ಟ್ರು ಬರೆದುಕೊಟ್ಟ ಚೀಟಿ ಹಿಡಿದು ಹುಡುಗಿಯೊಬ್ಬಳು ಶಾಲೆಗೆ ಕಾಂಪೌಂಡ್ ಬೇಕು ಎನ್ನುತ್ತಾಳೆ. ಅನುದಾನ ಬಂದಾಗ ನೋಡೋಣ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳುತ್ತಾರೆ. ಫೋಟೊ, ಸಿಹಿ, ವಂದನಾರ್ಪಣೆ.

ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಸಂಶೋಧಕ ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಮಕ್ಕಳ ಭಾಗವಹಿಸುವಿಕೆಗೆ ಎಂಟು ಮೆಟ್ಟಿಲಿನ ಏಣಿಯೊಂದನ್ನು ಚಿತ್ರಿಸಿದ್ದರು. ಕೆಳಗಿನ ಮೂರು ಮೆಟ್ಟಿಲುಗಳಾದ ಹೇಳಿಕೊಟ್ಟು ಆಡಿಸುವುದು, ಅಲಂಕಾರಕ್ಕೆ ಕೂರಿಸುವುದು, ಹೆಸರಿಗೆ ಕರೆಯುವುದು ಭಾಗವಹಿಸುವಿಕೆಯೇ ಅಲ್ಲ ಎಂಬುದು ಅವರ ಖಡಾಖಂಡಿತ ಮಾತು. ನಮ್ಮ ಎಷ್ಟೋ ಸಭೆಗಳು ಒಂದೇ ಬೆಳಿಗ್ಗೆ ಈ ಮೂರನ್ನೂ ಮುಗಿಸುತ್ತವೆ.

ಇಲ್ಲಿ ಮಕ್ಕಳ ಸಾಮರ್ಥ್ಯದ ಕೊರತೆ ಎಲ್ಲಿದೆ? ತಮ್ಮ ಪಾಲಿನ ಕೆಲಸವನ್ನು, ಅಂದರೆ ಸಮಸ್ಯೆ ಕಂಡು ಹೇಳುವುದನ್ನು, ಅವರು ಮಾಡಿದ್ದಾರೆ. ಹೇಳಿದ್ದು ನಡಾವಳಿ ಪುಸ್ತಕಕ್ಕೆ ಬಂತೋ ಇಲ್ಲವೋ, ಆ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿತೋ ಇಲ್ಲವೋ, ಸೇರದಿದ್ದರೆ ಯಾಕೆ ಎಂದು ಯಾರೂ ಅವರಿಗೆ ಬಂದು ಹೇಳುವುದಿಲ್ಲ. ಸಾಧ್ಯವಿಲ್ಲ ಎಂಬ ಉತ್ತರವನ್ನೂ ಮಕ್ಕಳು ಅರ್ಥಮಾಡಿಕೊಳ್ಳುತ್ತಾರೆ. ಉತ್ತರವೇ ಬಾರದಿದ್ದರೆ ಮುಂದಿನ ವರ್ಷ ಬಾಯಿ ಬಿಡುವುದಿಲ್ಲ, ಆಗ ನಾವು ಈಗಿನ ಮಕ್ಕಳಿಗೆ ಊರಿನ ಬಗ್ಗೆ ಆಸಕ್ತಿಯೇ ಇಲ್ಲ ಎನ್ನುತ್ತೇವೆ. ಇತ್ತ 2022ರ ಮಳೆಗಾಲದಲ್ಲೂ ಬೈಂದೂರು ತಾಲ್ಲೂಕಿನಲ್ಲಿ ಕಾಲುಸಂಕ ದಾಟುತ್ತಿದ್ದ ಶಾಲಾ ಬಾಲಕಿಯೊಬ್ಬಳು ಹಳ್ಳದ ಪಾಲಾದಳು.

ಈ ಸಲ ನಿಮ್ಮೂರಿನಲ್ಲಿ ಮಕ್ಕಳ ಗ್ರಾಮಸಭೆ ನಡೆಯುವಾಗ ನೀವೂ ಹೋಗಿ, ಹಿಂದಿನ ಸಾಲಿನಲ್ಲಿ ಕೂತರೂ ಸಾಕು. ಸಭೆ ಶುರುವಾಗುವ ಮೊದಲು ಪಿಡಿಒ ಅವರಲ್ಲಿ ಒಂದೇ ಒಂದು ಕಾಗದ ಕೇಳಿ: ಹೋದ ವರ್ಷ ಮಕ್ಕಳು ಎತ್ತಿದ ಪ್ರಶ್ನೆಗಳ ಅನುಪಾಲನಾ ವರದಿ. ಅದನ್ನು ಮಕ್ಕಳ ಮುಂದೆಯೇ, ಮೈಕಿನಲ್ಲಿ ಓದಿಸಿ.