ಮುಂಗಡ ಕೇಳುವ ಒಕ್ಕಲುತನ

ಸಣ್ಣ ರೈತರು ಸಾವಯವಕ್ಕೆ ಯಾಕೆ ಬರುವುದಿಲ್ಲ ಎಂದು ನಮ್ಮ ಊರು ಘಾಟಬೋರಾಳಕ್ಕೆ ಬಂದು ಕೇಳುವವರು ಮೊದಲು ನಮ್ಮ ಕೊಟ್ಟಿಗೆ ನೋಡಬೇಕು. ನಾನು ಸೊಸೆಯಾಗಿ ಬಂದಾಗ ಅಲ್ಲಿ ಒಂದು ಜೋಡಿ ದೇವಣಿ ಎತ್ತು, ಎರಡು ಆಕಳು ಇದ್ದವು. ಬಿಳಿ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಜೋಲುಕಿವಿ; ಬೀದರ್–ಲಾತೂರ್ ಸೀಮೆಯದೇ ತಳಿ. ಈಗ ಒಂದು ಆಕಳು, ಒಂದು ಎಮ್ಮೆ. ಉಳುಮೆಗೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ, ಅದು ಸಗಣಿ ಹಾಕುವುದಿಲ್ಲ.

ಮನೆಯ ಲೆಕ್ಕದ ವಹಿ ನನ್ನ ಕೈಯಲ್ಲಿದೆ. ಹಾಗಾಗಿ ಲೆಕ್ಕದಿಂದಲೇ ಹೇಳುತ್ತೇನೆ. 45 ಕಿಲೋದ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಒಂದು ಟನ್ ಕಳಿತ ತಿಪ್ಪೆಗೊಬ್ಬರದಲ್ಲಿ ಇರುವುದು 5 ಕಿಲೋ ಆಸುಪಾಸು. ಎರಡು ದನಗಳ ಸಗಣಿಯಲ್ಲಿ ಒಂದಿಷ್ಟು ಕುಳ್ಳಿಗೆ ಹೋಗಿ, ಉಳಿದದ್ದು ವರ್ಷವಿಡೀ ತಿಪ್ಪೆಯಲ್ಲಿ ಕಳಿತರೆ ನಾಲ್ಕು ಟನ್ ಆಗುವುದೇ ಕಷ್ಟ. ಅಂದರೆ ವರ್ಷಪೂರ್ತಿ ಹೆಂಗಸರು ತಲೆ ಮೇಲೆ ಹೊತ್ತ ಸಗಣಿಯಲ್ಲಿರುವ ಸಾರಜನಕ, ಸರಕಾರ ₹266.50ಕ್ಕೆ ಕೊಡುವ ಒಂದು ಚೀಲಕ್ಕೆ ಸಮ. ತಿಪ್ಪೆಗೊಬ್ಬರ ಮಣ್ಣನ್ನು ಸಡಿಲ ಮಾಡುತ್ತದೆ, ನೀರು ಹಿಡಿದಿಡುತ್ತದೆ, ಎರೆಹುಳು ಸಾಕುತ್ತದೆ. ಚೀಲಕ್ಕೆ ಅದು ಆಗದ ಮಾತು. ಆದರೆ ಬಿತ್ತನೆಯ ಮುಂದೆ ಕುಳಿತು ಖರ್ಚು ಎಣಿಸುವ ರೈತನಿಗೆ ಆ ಚೀಲ ಎಷ್ಟು ಅಗ್ಗ ಎಂಬುದನ್ನು ಮರೆಮಾಚಿ ಉಪದೇಶ ಮಾಡಬಾರದು.

ಇನ್ನು ಬೆಳೆ ನೋಡಿ. ಕಬ್ಬಿಗೆ ಶಿಫಾರಸು ಎಕರೆಗೆ ಸುಮಾರು 100 ಕಿಲೋ ಸಾರಜನಕ. ಗೊಬ್ಬರದಿಂದಲೇ ಅದನ್ನು ಕೊಡಬೇಕೆಂದರೆ 20 ಟನ್ ಬೇಕು. ಒಣಬೇಸಾಯದ ತೊಗರಿಗೆ ಶಿಫಾರಸು ಎಕರೆಗೆ ಬರೀ 10 ಕಿಲೋ, ಅಂದರೆ ಎರಡು ಟನ್ ಗೊಬ್ಬರ. ಮಿಕ್ಕದ್ದನ್ನು ತೊಗರಿ ತಾನೇ ಬೇರಿನ ಗಂಟುಗಳಲ್ಲಿ ಗಾಳಿಯಿಂದ ಹಿಡಿಯುತ್ತದೆ, ಎಲೆ ಉದುರಿಸಿ ನೆಲಕ್ಕೂ ಕೊಡುತ್ತದೆ. ರಂಜಕದ ಕೊರತೆ ಮಾತ್ರ ಉಳಿಯುತ್ತದೆ; ಎಕರೆಗೊಂದು ಚೀಲ ಡಿಎಪಿ ಹಾಕುವ ರೂಢಿ ಬಂದದ್ದು ಅದಕ್ಕೇ. ಅದರ ಬದಲು ಗೊಬ್ಬರದ ಜೊತೆ ಶಿಲಾರಂಜಕ, ರಂಜಕ ಕರಗಿಸುವ ಜೀವಾಣು ಕೊಡಬೇಕಾಗುತ್ತದೆ. ಹೀಗಾಗಿ ನಮ್ಮ ಹುಮನಾಬಾದ್, ಬಸವಕಲ್ಯಾಣ ಕಡೆ ಯಾರೂ 'ನಾನು ಸಾವಯವ ರೈತನಾಗಲೇ' ಎಂದು ಯೋಚಿಸುವುದಿಲ್ಲ. ತೊಗರಿ ಹೊಲಕ್ಕೆ ಒಂದು ನಿರ್ಧಾರ, ಕಬ್ಬಿಗೆ ಒಂದು, ಸೋಯಾಕ್ಕೆ ಮತ್ತೊಂದು. ಒಂದೇ ಮನೆಯಲ್ಲಿ ಮೂರು ನಿರ್ಧಾರ ಇರುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ.

ಒಂದು ಆಕಳಿದ್ದರೆ 30 ಎಕರೆಗೆ ಸಾಕು ಎಂದು ಶೂನ್ಯ ಬಂಡವಾಳ ಕೃಷಿಯ ಸುಭಾಷ್ ಪಾಳೇಕರ್ ಹೇಳುತ್ತಾರೆ. ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ಬೇಳೆಹಿಟ್ಟು, ಬದುವಿನ ಹಿಡಿ ಮಣ್ಣು: ಇದು ಜೀವಾಮೃತ. ಅದನ್ನು ಹೆಪ್ಪು ಎಂದುಕೊಂಡರೆ ನನಗೆ ಒಪ್ಪಿಗೆ. ಹೆಪ್ಪು ಹಾಕಲು ಹಾಲು ಇರಬೇಕಲ್ಲ, ಹೊಲದಲ್ಲಿ ಅದು ಕಸಕಡ್ಡಿ, ಸೊಪ್ಪುಸದೆ. ಸೋಯಾ ಹೊಟ್ಟು ದನಕ್ಕೆ, ತೊಗರಿ ಕಟ್ಟಿಗೆ ಒಲೆಗೆ ಹೋದ ಮೇಲೆ ಬರಿ ನೆಲಕ್ಕೆ ಹೆಪ್ಪು ಎರೆದಂತಾಗುತ್ತದೆ.

ಆದರೂ ಗೊಬ್ಬರದ ಕೊರತೆಗಿಂತ ದೊಡ್ಡ ತೊಡಕು ಬೇರೆ ಇದೆ. ಸಾವಯವದಲ್ಲಿ ಎಲ್ಲವೂ ಮುಂಗಡ. ತಿಪ್ಪೆಗೊಬ್ಬರದ ಟ್ರಾಲಿ ಬರುವುದು, ಹೊಲದಲ್ಲಿ ಕುರಿ ನಿಲ್ಲಿಸುವುದು ಬೇಸಿಗೆಯಲ್ಲಿ, ಕೈಯಲ್ಲಿ ರೊಕ್ಕ ಇಲ್ಲದ ಕಾಲದಲ್ಲಿ. ಗೊಬ್ಬರ ಮಾರುವವರು ನಗದು ಕೇಳುತ್ತಾರೆ. ಡಿಎಪಿ, ಹುಳದ ಎಣ್ಣಿ, ಬೀಜ ಅಂಗಡಿಯಲ್ಲಿ ಉದ್ದರಿ ಸಿಗುತ್ತವೆ. ರಾಶಿಯಾದ ಮೇಲೆ ಅಡತ್ಯಾನ ಪಟ್ಟಿಯಲ್ಲಿ ಮುರಿದುಕೊಂಡರಾಯಿತು. ನಮ್ಮ ಮಾವ ಒಂದೇ ಮಾತಿನಲ್ಲಿ ಹೇಳುತ್ತಾರೆ: "ತಿಪ್ಪಿಗೊಬ್ಬರ ಯಾರೂ ಉದ್ದರಿ ಕೊಡಂಗಿಲ್ಲವ್ವ."

ಹುಳದ ವಿಷಯವೂ ಹಾಗೇ. ತೊಗರಿಗೆ ಕಾಯಿಕೊರಕ ಬೀಳುವುದು ಹೂ-ಮಿಡಿಯ ಹೊತ್ತಿಗೆ, ಅಕ್ಟೋಬರ್–ನವೆಂಬರಿನಲ್ಲಿ. ಅಂಗಡಿ ಎಣ್ಣಿಯನ್ನು ಅವತ್ತು ಬೆಳಿಗ್ಗೆ ತಂದು ಅವತ್ತೇ ಹೊಡೆಯಬಹುದು. ಬೇವಿನ ಬೀಜದ ಕಷಾಯಕ್ಕೆ ಜೂನ್–ಜುಲೈನಲ್ಲೇ ಬೇವಿನ ಹಣ್ಣು ಆರಿಸಿ, ಸಿಪ್ಪೆ ತೆಗೆದು, ನೆರಳಲ್ಲಿ ಒಣಗಿಸಿ ಇಟ್ಟಿರಬೇಕು. ನೂರು ಲೀಟರಿಗೆ ಐದು ಕಿಲೋ ಬೀಜದ ಪುಡಿ, ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಹಿಂಡಿ ಸೋಸಿ, ಸ್ವಲ್ಪ ಸಾಬೂನು ಕೂಡಿಸಬೇಕು. ಮೊಟ್ಟೆ, ಮರಿಹುಳ ಇದ್ದಾಗ ಇದು ನಾಟುತ್ತದೆ, ಹುಳ ದಪ್ಪಾದ ಮೇಲೆ ಹೊಡೆದು ಉಪಯೋಗವಿಲ್ಲ. ಆಮೇಲೆ ಉಳಿಯುವುದು ಗಿಡ ಅಲುಗಾಡಿಸುವ ಹಳೇ ದಾರಿ. ಇಬ್ಬರು ಸಾಲಿನ ಬುಡಕ್ಕೆ ತಾಡಪಾಲು ಹಿಡಿದು ಬಾಗಿ ನಡೆಯಬೇಕು, ಒಬ್ಬಳು ಗಿಡ ಹಿಡಿದು ಜಾಡಿಸಬೇಕು. ಹಳದಿ ಹೂವಿನ ಜೊತೆ ಹಸಿರು, ಕಂದು ಹುಳ ಪಟಪಟ ಉದುರಿ, ಬಿದ್ದಕೂಡಲೇ ಸುರುಳಿ ಸುತ್ತಿಕೊಳ್ಳುತ್ತವೆ. ಕೊನೆ ಸಾಲಿಗೆ ಬರುವಷ್ಟರಲ್ಲಿ ತಾಡಪಾಲಿನ ಮಡಿಕೆಯಲ್ಲಿ ಬೊಗಸೆ ತುಂಬ ಹುಳ. ಸಾಲಿನ ನಡುವೆ ಜೋಳ ಹಾಕಿದ್ದರೆ ತೆನೆ ಮೇಲೆ ಹಕ್ಕಿ ಕೂಡುತ್ತವೆ, ನಮ್ಮ ಕೆಲಸ ಅಷ್ಟು ಹಗುರ. ಆ ಜೋಳವನ್ನೂ ಬಿತ್ತುವ ದಿನವೇ ಹಾಕಿರಬೇಕು.

ಈ ಕೆಲಸ ಯಾರದು? ಹಣ್ಣು ಆರಿಸುವುದು, ಹಿಂಡುವುದು, ಜಾಡಿಸುವುದು, ಕಸ ತೆಗೆಯುವುದು ಎಲ್ಲವೂ ಹೆಂಗಸರದ್ದು. ಸಾವಯವದಲ್ಲಿ ಖರ್ಚೇ ಇಲ್ಲ ಎಂದು ಭಾಷಣ ಮಾಡುವವರ ವಹಿಯಲ್ಲಿ ನಮ್ಮ ಕೂಲಿ ಬರೆದಿರುವುದಿಲ್ಲ. ಶ್ರಾವಣದ ಮಳೆಗೆ ಕರಿನೆಲ ಕಾಲು ಹಿಡಿದು, ಕುಂಟೆ ಹೋಗದೆ, ಸೋಯಾದಲ್ಲಿ ಕಸ ಮೊಳಕಾಲುದ್ದ ಎದ್ದಾಗ ಕಳೆನಾಶಕ ಬೇಡ ಎನ್ನುವ ಧೈರ್ಯ ಎಷ್ಟು ಮನೆಗಳಿಗೆ ಇದ್ದೀತು? ನಮ್ಮ ಮನೆಗೆ ಇಲ್ಲ. ಸೋಯಾವನ್ನು ಅದಕ್ಕೇ ಸಾವಯವದ ಲೆಕ್ಕಕ್ಕೆ ತಂದಿಲ್ಲ.

ಬೆಲೆ ಬರುವುದೂ ಆಮೇಲೆಯೇ. ಪ್ರಮಾಣಪತ್ರ ಬೇಕೆಂದರೆ ರಾಸಾಯನಿಕ ಬಿಟ್ಟು ಎರಡು–ಮೂರು ವರ್ಷ ಕಾಯಬೇಕು. ಆ ವರ್ಷಗಳಲ್ಲಿ ಇಳುವರಿ ಇಳಿದರೆ ನಷ್ಟ ನಮ್ಮದು, ಮಾರುವಾಗ ಬೆಲೆ ಎಲ್ಲರದ್ದೇ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ ₹8,000. ಹೇಗೆ ಬೆಳೆದದ್ದು ಎಂದು ಅದು ಕೇಳುವುದಿಲ್ಲ. ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದಿತು, ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015-16ರಲ್ಲಿ ಬಂತು. ಅದರ ಜೊತೆಗಿರುವ ಪಿಜಿಎಸ್ ಎಂಬ ಪ್ರಮಾಣೀಕರಣ ಪದ್ಧತಿ ನನಗೆ ಮೆಚ್ಚಿಗೆ. ಕನಿಷ್ಠ ಐವರು ರೈತರು ಗುಂಪಾಗಿ, ಒಬ್ಬರ ಹೊಲ ಒಬ್ಬರು ನೋಡಿ ಸಾಕ್ಷಿ ಹೇಳುತ್ತಾರೆ. ನೆರೆಹೊಲದವರೇ ಗುಂಪಿನಲ್ಲಿದ್ದರೆ ಅವರ ಎಣ್ಣಿ ಗಾಳಿಗೆ ಹಾರಿ ನಮ್ಮ ಸಾಲಿಗೆ ಬೀಳುವ ಚಿಂತೆಯೂ ತಪ್ಪುತ್ತದೆ.

ನೆರೆಯವರ ಮಾತು ಬಂದಾಗ ಅಮೆರಿಕದ ಅಯೋವಾದ ಒಂದು ಅಧ್ಯಯನ ನೆನಪಾಗುತ್ತದೆ. ಹೈಬ್ರಿಡ್ ಮೆಕ್ಕೆಜೋಳ ಅಲ್ಲಿ ಹೇಗೆ ಹಬ್ಬಿತೆಂದು ರಯಾನ್, ಗ್ರಾಸ್ ಎಂಬಿಬ್ಬರು 1943ರಲ್ಲಿ ಬರೆದರು. ಸುದ್ದಿ ಮುಟ್ಟಿಸಿದವರು ಬೀಜ ಮಾರುವವರು, ನಂಬಿಸಿದವರು ಪಕ್ಕದ ಹೊಲದವರು. ನಂಬಿದ ಮೇಲೂ ರೈತರು ಮೊದಲು ಹಾಕಿದ್ದು ಹೊಲದ ಒಂದು ತುಂಡಿಗೆ. ನಮ್ಮಲ್ಲೂ ಅದೇ. ನಾವು ಸಾವಯವದಲ್ಲಿ ಹಾಕಿದ್ದ ಒಂದೆಕರೆ ತೊಗರಿಯನ್ನು ನಮ್ಮ ಓಣಿಯವಳೊಬ್ಬಳು ದಿನಾ ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದಳು. ಕಾಯಿ ಬಲಿತ ಮೇಲೆ ಕೇಳಿದಳು: "ವೈನಿ, ಬೇವಿನ ಬೀಜ ಎಷ್ಟ್ ಹಾಕೀರಿ? ಮುಂದಿನ ಸಲ ನಾನೂ ಆರಸ್ತೀನಿ." ಹೀಗೆ ತುಂಡು ತುಂಡಾಗಿ ಹಬ್ಬಲು ಬಿಡದೆ ಇಡೀ ನಾಡಿಗೆ ಸಾವಯವವನ್ನು ಒಂದೇ ಸಲ ಹೇರಿದರೆ ಏನಾಗುತ್ತದೆ ಎಂಬುದನ್ನು ಶ್ರೀಲಂಕಾ ಕಂಡಿದೆ. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಷೇಧ ಘೋಷಿಸಿ, ನವೆಂಬರಿನಲ್ಲಿ ಹಿಂದೆ ಸರಿಯಬೇಕಾಯಿತು. ಮುಂಗಡ ಹೊಂದಿಸಿಕೊಳ್ಳಲು ರೈತರಿಗೆ ವೇಳೆಯನ್ನೇ ಕೊಟ್ಟಿರಲಿಲ್ಲ.

ಹಾಗಾದರೆ ಆ ಮುಂಗಡ ಯಾರು ಕೊಡಬೇಕು? ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವುದರಲ್ಲಿ ದೇಶದ ಸಹಕಾರಿ ಬ್ಯಾಂಕುಗಳಿಗೆ ದಾರಿ ತೋರಿಸಿದ್ದು ನಮ್ಮ ಬೀದರ್ ಡಿಸಿಸಿ ಬ್ಯಾಂಕು, ಗುರುಪಾದಪ್ಪ ನಾಗಮಾರಪಳ್ಳಿ ಅದರ ಅಧ್ಯಕ್ಷರಾಗಿದ್ದ ಕಾಲದಲ್ಲಿ. ಎಮ್ಮೆಗೆ, ಹೊಲಿಗೆ ಯಂತ್ರಕ್ಕೆ ಸಾಲ ಕೊಡುವ ಸಂಘ ತಿಪ್ಪೆಗೊಬ್ಬರಕ್ಕೆ ಯಾಕೆ ಕೊಡಬಾರದು ಎಂದು ನಮ್ಮ ಸಂಘದಲ್ಲಿ ಕೇಳಿದೆ. ಏಪ್ರಿಲ್‌ನಲ್ಲಿ ಟ್ರಾಲಿಗೆ ಸಾಲ, ತೊಗರಿ ಮಾರಿದ ಮೇಲೆ ಮರುಪಾವತಿ ಎಂದು ಠರಾವು ಆಯಿತು. ಹೆಸರು ಬರೆಸಿದವರೆಲ್ಲ ತೊಗರಿಯವರು. ಕಬ್ಬಿನವರು ಒಬ್ಬರೂ ಇಲ್ಲ, ಅವರನ್ನು ನಾವು ಒತ್ತಾಯಿಸಲೂ ಇಲ್ಲ.