ದಿನಚರಿಯಲ್ಲಿ ಬಿಟ್ಟ ಸಾಲು

ದಿನಚರಿ ಬರೆಯುವ ಹವ್ಯಾಸವುಳ್ಳವರು ನಮ್ಮಲ್ಲಿ ಅನೇಕರುಂಟು. ಹೊಸ ವರ್ಷದ ಮೊದಲ ವಾರ ಉತ್ಸಾಹದಿಂದ ತೊಡಗಿ, ಸಂಕ್ರಾಂತಿಯ ಎಳ್ಳು ಮುಗಿಯುವುದರೊಳಗೆ ಲೇಖನಿಯನ್ನು ಕೆಳಗಿಡುವವರೂ ಉಂಟು. ಇದಕ್ಕೆ ಸೋಮಾರಿತನವೊಂದೇ ಕಾರಣವೆಂದು ತಿಳಿಯಲಾಗದು. ಬರೆಯುತ್ತ ಬರೆಯುತ್ತ, ಬರೆಯಲಾಗದ ಸಂಗತಿಯೊಂದು ಎಂದಾದರೂ ಎದುರಾಗುತ್ತದೆ. ಅತ್ತೆಯೊಡನೆ ಬೆಳೆದ ಮಾತು, ಮೇಲಧಿಕಾರಿಯ ಮುಂದೆ ನುಂಗಿಕೊಂಡ ಅವಮಾನ, ಒಡಹುಟ್ಟಿದವನ ಏಳಿಗೆಯನ್ನು ಕಂಡು ಮನಸ್ಸಿನಲ್ಲಿ ಸುಳಿದ ಕರುಬು. ಬರೆದರೆ ಯಾರಾದರೂ ಓದಿಯಾರೆಂಬ ಭಯ. ಬಿಟ್ಟರೆ, ಉಳಿದುದನ್ನು ಬರೆದೇನು ಫಲವೆಂಬ ಬೇಸರ!

ಈ ಇಕ್ಕಟ್ಟು ಹೆಸರಾಂತ ಹಿರಿಯರನ್ನೂ ಬಿಟ್ಟಿಲ್ಲ. ಶಿವಮೊಗ್ಗ, ಭದ್ರಾವತಿಗಳ ನಂಟುಳ್ಳವರಲ್ಲಿಯೇ ಇದಕ್ಕೆ ನಿದರ್ಶನಗಳು ದೊರೆಯುತ್ತವೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಗೆ 1923ರಿಂದ 1929ರವರೆಗೆ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1951ರಲ್ಲಿ ತಮ್ಮ ಸ್ಮರಣೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಅವು ತಮ್ಮ ವೃತ್ತಿಜೀವನದ ನೆನಪುಗಳೆಂದು ಪುಸ್ತಕದ ಹೆಸರೇ ಸಾರುತ್ತದೆ. ಸಂಸಾರದ ಸುಖದುಃಖಗಳನ್ನು ತೆರೆದಿಡಲು ಹೊರಟ ಗ್ರಂಥವಲ್ಲ ಅದು. ಇದನ್ನು ಅಪ್ರಾಮಾಣಿಕತೆ ಎನ್ನಬಹುದೆ? ಖಂಡಿತ ಸಲ್ಲದು. ಒಳಗೆ ಎಲ್ಲಿಯವರೆಗೆ ಬರಬಹುದೆಂದು ಹೊಸ್ತಿಲಿನಲ್ಲಿಯೇ ತಿಳಿಸಿದವರು ಅತಿಥಿಯನ್ನು ವಂಚಿಸಿದಂತಾಗಲಿಲ್ಲ.

ಮತ್ತೊಂದು ತುದಿಯಲ್ಲಿ ನಿಂತವರು ಪಿ. ಲಂಕೇಶ್. ಶಿವಮೊಗ್ಗದ ಬಳಿಯ ಕೊನಗವಳ್ಳಿಯಲ್ಲಿ 1935ರಲ್ಲಿ ಜನಿಸಿದ ಅವರ ಆತ್ಮಕಥೆ ‘ಹುಳಿಮಾವಿನ ಮರ’ ಮುಚ್ಚುಮರೆಯಿಲ್ಲದ ಬರೆಹವೆಂದು ಹೆಸರಾಯಿತು. ಆದರೆ ಸಂಸಾರವೆಂಬುದು ಒಬ್ಬರದೇ ಕಥೆಯಲ್ಲವಷ್ಟೆ. 2000ದಲ್ಲಿ ಲಂಕೇಶರು ತೀರಿಕೊಂಡ ಅನಂತರ, ಅವರ ಪತ್ನಿ ಇಂದಿರಾ ಲಂಕೇಶ್ ಅವರು ‘ಹುಳಿಮಾವು ಮತ್ತು ನಾನು’ ಎಂಬ ಪುಸ್ತಕವನ್ನು ಬರೆದರು. ‘ಮತ್ತು ನಾನು’ ಎಂಬ ಆ ಎರಡು ಪದಗಳಲ್ಲಿ ಎಷ್ಟು ಅರ್ಥವಡಗಿದೆ! ಗಂಡನು ತನ್ನ ಬಾಳನ್ನು ಬಿಚ್ಚಿ ಹೇಳುವಾಗ ಹೆಂಡತಿಯ ಬಾಳೂ ಅರ್ಧ ಬಿಚ್ಚಿಕೊಳ್ಳುತ್ತದೆ. ಉಳಿದರ್ಧವನ್ನು ಹೇಳುವ ಹಕ್ಕು ಆಕೆಯದು. ನಮ್ಮ ನಿಮ್ಮ ಮನೆಗಳಲ್ಲಿಯಾದರೋ, ಹೀಗೆ ಎರಡನೆಯ ಪುಸ್ತಕ ಬರೆಯುವ ಅವಕಾಶ ಎಷ್ಟು ಮಂದಿಗೆ ಒದಗೀತು? ಆದುದರಿಂದ, ಉತ್ತರ ಹೇಳಲು ಅವಕಾಶವಿಲ್ಲದವರ ವಿಷಯದಲ್ಲಿ ಲೇಖನಿ ಒಂದಿಷ್ಟು ತಡೆದು ನಡೆಯುವುದು ಹೇಡಿತನವಲ್ಲ, ನ್ಯಾಯ.

ಹಾಗೆಂದು ಎಲ್ಲ ಮೌನವೂ ನ್ಯಾಯವಾಗದು. ‘ಅವರಿಗೆ ನೋವಾದೀತು’ ಎಂದು ನಾವು ಬಿಟ್ಟುಬಿಡುವ ಸಾಲುಗಳನ್ನು ಮತ್ತೊಮ್ಮೆ ಪರೀಕ್ಷಿಸಿ ನೋಡಿದರೆ, ಅವುಗಳಲ್ಲಿ ಕೆಲವು ನಮ್ಮ ಮಾನವನ್ನೇ ಕಾಯಲು ಬಿಟ್ಟವೆಂದು ತಿಳಿದೀತು. ಜಗಳದಲ್ಲಿ ಎದುರಾಳಿಯ ಕಟುನುಡಿಯನ್ನು ಅಕ್ಷರಶಃ ಬರೆದು, ಅದಕ್ಕೆ ಮುಂಚೆ ನಾವಾಡಿದ ಮಾತನ್ನು ಮರೆಯುವುದುಂಟು. ಇದು ದಾಕ್ಷಿಣ್ಯವಲ್ಲ, ಆತ್ಮವಂಚನೆ. ಪರರ ಗುಟ್ಟನ್ನು ಬರೆಯದಿರುವುದು ಒಂದು. ನಡೆದುದನ್ನು ತಿರುಚಿ ಬರೆಯುವುದು ಇನ್ನೊಂದು. ಮೊದಲನೆಯದಕ್ಕೆ ಕ್ಷಮೆಯುಂಟು, ಎರಡನೆಯದು ಪುಟವನ್ನೇ ಕೆಡಿಸುತ್ತದೆ.

ಶಿವಮೊಗ್ಗ ಜಿಲ್ಲೆಯ ಕುಪ್ಪಳಿಯ ಕುವೆಂಪು ಅವರು 1980ರಲ್ಲಿ ಪ್ರಕಟವಾದ ‘ನೆನಪಿನ ದೋಣಿಯಲ್ಲಿ’ ಗ್ರಂಥದಲ್ಲಿ ತಮ್ಮ ಹಳೆಯ ದಿನಚರಿಗಳನ್ನು ಬಳಸಿಕೊಂಡಿದ್ದಾರೆ. ಮುಪ್ಪಿನ ನೆನಪು ನಯಗೊಳಿಸಬಹುದಾದುದನ್ನು ತಾರುಣ್ಯದ ಪುಟ ಇದ್ದಂತೆ ಕಾದಿರಿಸುತ್ತದೆ. ಆದರೆ ಆ ಪುಟ ಅಂದೇ ನಿಜವಾಗಿದ್ದರೆ ಮಾತ್ರ ಈ ಲಾಭ!

ಹಾಗಾದರೆ ಮಾಡತಕ್ಕದ್ದೇನು? ಬರೆಯಲಾಗದ ದಿನ, ‘ಇಂದು ಒಂದು ಸಂಗತಿ ನಡೆಯಿತು, ಅದನ್ನು ಬರೆಯಲಾರೆ’ ಎಂದಷ್ಟೇ ಬರೆದು ತಾರೀಖು ಹಾಕಿದರೆ ಸಾಕು. ಗುಟ್ಟೂ ಉಳಿಯಿತು, ಸತ್ಯವೂ ಉಳಿಯಿತು.

ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ 1936ರಲ್ಲಿ ಸ್ಥಾಪಿತವಾಗಿ, 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಈ ನಡುವೆ ಅದರ ಕಾಗದದ ಮೇಲೆ ಎಷ್ಟು ಸಂಸಾರಗಳ ಒಳಮಾತು ಬರೆಹಕ್ಕೆ ಇಳಿಯಿತೋ ಬಲ್ಲವರಾರು? ಅಟ್ಟದ ಮೇಲಿನ ಪೆಟ್ಟಿಗೆಯಿಂದ ಅಂಥದೊಂದು ಪುಸ್ತಕವನ್ನು ಮೊಮ್ಮಗಳೊಬ್ಬಳು ತೆಗೆದು ಓದುವಳೆನ್ನಿ. ಅಜ್ಜಿ ತಪ್ಪೇ ಮಾಡದ ದೇವತೆಯಾಗಿದ್ದಳೆಂದು ತಿಳಿದು ಆಕೆಗೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ತನ್ನಂತೆಯೇ ಅಂಜಿದಳು, ಅತ್ತಳು, ಬಾಳಿದಳು ಎಂದು ತಿಳಿದರೆ ಆಗುವ ಧೈರ್ಯ ದೊಡ್ಡದು.